ವಿಕ್ರೋಳಿಯ ಕೌಲು, ಜಂಜಿಬಾರಿನ ಕೋರ್ಟು

1835ರ ಜುಲೈ 7ರಂದು ಮುಂಬಯಿ ಸರ್ಕಾರ ಫ್ರಾಮ್‌ಜಿ ಕಾವಸ್‌ಜಿ ಬಾನಾಜಿ ಎಂಬ ಪಾರ್ಸಿ ವರ್ತಕನಿಗೆ ವಿಕ್ರೋಳಿ ಗ್ರಾಮದ ಜಮೀನನ್ನು ಶಾಶ್ವತ ಕೌಲಿನ ಮೇಲೆ ಬರೆದುಕೊಟ್ಟಿತು. ಆಗ ವಿಕ್ರೋಳಿ ಸಾಷ್ಟಿ ದ್ವೀಪದ ಒಂದು ಹಳ್ಳಿ. ಪಡುವಣಕ್ಕೆ ಪವಾಯಿಯ ಗುಡ್ಡಗಳು, ಮೂಡಣಕ್ಕೆ ಠಾಣೆ ಖಾರಿ, ನಡುವೆ ಗದ್ದೆ, ಉಪ್ಪಿನ ಪಾತಿ, ಕಾಂಡ್ಲಾ ಕಾಡು. ಕೌಲು ಕೊಟ್ಟ ಈಸ್ಟ್ ಇಂಡಿಯಾ ಕಂಪನಿ 1858ರಲ್ಲಿ ಅಧಿಕಾರ ಕಳೆದುಕೊಂಡಿತು. ಅದರ ಜಾಗಕ್ಕೆ ಬಂದ ಬ್ರಿಟಿಷ್ ರಾಜಸತ್ತೆ 1947ರಲ್ಲಿ ಗಂಟುಮೂಟೆ ಕಟ್ಟಿತು. ಕೌಲು ಮಾತ್ರ ಉಳಿಯಿತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ವಿಕ್ರೋಳಿಯ ಜಮೀನೊಂದರ ತಕರಾರನ್ನು ತೀರ್ಮಾನಿಸುವಾಗ ಸಂಗತಿಯನ್ನು 1835ರಿಂದಲೇ ಹೇಳಿಕೊಂಡು ಬರಬೇಕಾಯಿತು.

ಆಫ್ರಿಕದಲ್ಲಿ ಯುರೋಪಿಯನ್ನರ ಆಳ್ವಿಕೆ ಎಂದೊಡನೆ ನೆನಪಿಗೆ ಬರುವುದು 1884–85ರ ಬರ್ಲಿನ್ ಸಮ್ಮೇಳನ, ಲಂಡನ್, ಪ್ಯಾರಿಸ್, ಬ್ರಸೆಲ್ಸ್. ಪೂರ್ವ ಆಫ್ರಿಕದ ಮಟ್ಟಿಗೆ ಈ ಚಿತ್ರ ಅರ್ಧ ಮಾತ್ರ ನಿಜ. ಜಂಜಿಬಾರ್, ಕೀನ್ಯ, ಉಗಾಂಡಗಳನ್ನು ಆಳಬೇಕೆಂಬ ತೀರ್ಮಾನ ಲಂಡನ್ನಿನದು. ಆಳುವ ಸಲಕರಣೆ ಹೋದದ್ದು ಬಹುಪಾಲು ಹಿಂದೂಸ್ಥಾನದಿಂದ, ಅದರಲ್ಲೂ ಮುಂಬಯಿಯ ಮೂಲಕ. ದಂಡಸಂಹಿತೆ, ಸಾಕ್ಷ್ಯ ಕಾಯಿದೆ, ಭೂಸ್ವಾಧೀನ ಕಾಯಿದೆ, ರೂಪಾಯಿ, ಗುಮಾಸ್ತ, ವಕೀಲ, ಸಾಲ ಕೊಡುವ ಸಾಹುಕಾರ, ಎಲ್ಲರೂ ಎಲ್ಲವೂ ಹಡಗು ಹತ್ತಿ ಹೋದರು. ವಿಕ್ರೋಳಿಯ ಕೌಲಿಗೆ ಮೊಹರು ಒತ್ತಿದ ಸರ್ಕಾರವೇ ನಾಲ್ಕೂವರೆ ಸಾವಿರ ಕಿಲೋಮೀಟರ್ ಆಚೆಯ ಆ ಕರಾವಳಿಯ ವ್ಯವಹಾರವನ್ನೂ ದಶಕಗಳ ಕಾಲ ನೋಡಿಕೊಂಡಿತು. ಆದ್ದರಿಂದ ಆಫ್ರಿಕದಲ್ಲಿ ವಸಾಹತು ಆಡಳಿತ ಬಿಟ್ಟುಹೋದದ್ದೇನು ಎಂಬ ಪ್ರಶ್ನೆಯನ್ನು ಮುಂಬಯಿಯ ಈ ಉಪನಗರದಲ್ಲಿ ನಿಂತು ಕೇಳಿದರೆ ಅದು ದೂರದೂರಿನ ವಿಚಾರವಾಗಿ ಉಳಿಯುವುದಿಲ್ಲ.

ನಂಟು ಬ್ರಿಟಿಷರಿಗಿಂತ ಹಳೆಯದು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾ ವಸಯಿ ಸೀಮೆಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಸಾಷ್ಟಿಯೂ ಅದರೊಡನೆ ಹೋಯಿತು. ಪೋರ್ಚುಗೀಸರ ಲೆಕ್ಕದಲ್ಲಿ ಗುಡ್‌ಹೋಪ್ ಭೂಶಿರದಿಂದ ಮಕಾವಿನವರೆಗೆ ಎಲ್ಲವೂ ‘ಇಂಡಿಯಾ ರಾಜ್ಯ’. ಅದರ ಒಡೆಯ ಗೋವೆಯಲ್ಲಿ ಕೂತ ವೈಸರಾಯ್. ಮೊಸಾಂಬಿಕ್‌ನ ಆಡಳಿತ 1752ರವರೆಗೂ ಗೋವೆಯಿಂದಲೇ ನಡೆಯಿತು. ಮೊಂಬಾಸದ ಫೋರ್ಟ್ ಜೀಸಸ್ ಕೋಟೆಯ ಕೆಲಸ 1593ರಲ್ಲಿ ಶುರುವಾದಾಗ ಅದರ ನಕ್ಷೆ ಹಾಕಿದವನು ಭಾರತದ ಪೋರ್ಚುಗೀಸ್ ಕೋಟೆಗಳ ಕೆಲಸ ನೋಡಿಕೊಳ್ಳುತ್ತಿದ್ದ ಇಟಲಿಯ ಶಿಲ್ಪಿ ಕೈರಾಟಿ. ಅಲ್ಲಿಂದ ಮುಂದೆ ನೂರು ವರ್ಷ, 1698ರಲ್ಲಿ ಒಮಾನಿನ ಅರಬರು ಆ ಕೋಟೆಯನ್ನು ಕಿತ್ತುಕೊಳ್ಳುವವರೆಗೆ, ಸಾಷ್ಟಿಯ ರೈತನಿಗೂ ಮೊಂಬಾಸದ ನಾವಿಕನಿಗೂ ಮೇಲಿನ ಧಣಿ ಒಬ್ಬನೇ.

ಕೋಟೆಗಿಂತ ಆಳವಾಗಿ ಬೇರೂರಿದ್ದು ಜಮೀನಿನ ಪದ್ಧತಿ. ವಸಯಿ ಮತ್ತು ದಮನ್ ಸೀಮೆಯ ಹಳ್ಳಿಗಳನ್ನು ಪೋರ್ಚುಗೀಸ್ ಅರಸ ತನ್ನ ಸರದಾರರಿಗೆ, ಪಾದ್ರಿ ಸಂಘಗಳಿಗೆ ಮೂರು ತಲೆಮಾರಿನ ಗೇಣಿಗೆ ಕೊಡುತ್ತಿದ್ದ. ಈ ಹಿಡುವಳಿಗೆ ಪ್ರಾಜೊ ಎಂದು ಹೆಸರು. ಗೇಣಿದಾರ ಕುದುರೆ, ಆಯುಧ ಇಟ್ಟುಕೊಂಡು ಸೀಮೆಯನ್ನು ಕಾಯಬೇಕು. ಹಳ್ಳಿಯ ಉತ್ಪನ್ನ ಅವನದು. ಸಾಷ್ಟಿಯಲ್ಲಿ ಜೆಸ್ಯೂಟರು ಹಲವು ಗ್ರಾಮಗಳನ್ನು ಹೀಗೆ ಹಿಡಿದಿದ್ದರು. 17ನೆಯ ಶತಮಾನದಲ್ಲಿ ಇದೇ ಮೂರು ತಲೆಮಾರಿನ ಪ್ರಾಜೊ ಜಾಂಬೆಜಿ ನದಿಯ ಕಣಿವೆಗೆ ದಾಟಿತು. ಅಲ್ಲಿ ಅದು ಕೊಂಕಣದಲ್ಲಿ ಇದ್ದುದಕ್ಕಿಂತ ಒರಟಾಯಿತು: ಪ್ರಾಜೊ ಹಿಡಿದವರು ಗುಲಾಮರ ಸೈನ್ಯವನ್ನೇ ಕಟ್ಟಿಕೊಂಡು, ಲಿಸ್ಬನ್ನಿಗೂ ಗೋವೆಗೂ ಸೊಪ್ಪು ಹಾಕದ ಪಾಳೆಯಗಾರರಾದರು. ಸಾಷ್ಟಿಯ ಪ್ರಾಜೊಗಳನ್ನು 1737–39ರಲ್ಲಿ ಮರಾಠರು ಕೊನೆಗಾಣಿಸಿದರು. ಜಾಂಬೆಜಿಯ ಪ್ರಾಜೊಗಳು ಮತ್ತೆ ಮತ್ತೆ ರದ್ದಾಗಿಯೂ ರೂಪ ಬದಲಿಸಿಕೊಂಡು 20ನೆಯ ಶತಮಾನದವರೆಗೂ ಎಳೆದವು. ಕೊನೆಯಲ್ಲಿ ಅವುಗಳ ಜಾಗಕ್ಕೆ ಬಂದದ್ದು ಕಂಪನಿಗಳ ತೋಟ ಮತ್ತು ಬಿಟ್ಟಿ ದುಡಿಮೆ. ಆಫ್ರಿಕದ ಭೂಮಿಯ ಮೇಲೆ ಯುರೋಪಿನ ಹಕ್ಕನ್ನು ಕಾಗದದಲ್ಲಿ ಬರೆಯುವ ಕೆಲಸಕ್ಕೆ ಮೊದಲ ಮಾದರಿ ಹೋದದ್ದು ಕೊಂಕಣದಿಂದ ಎಂಬುದು ಸಾಮಾನ್ಯವಾಗಿ ಯಾರೂ ಗಮನಿಸದ ಸಂಗತಿ.

ಜನರೂ ಅದೇ ಹಡಗುಗಳಲ್ಲಿ ದಾಟಿದರು. ಅವರು ಬಂದದ್ದು ಎದುರು ದಿಕ್ಕಿನಿಂದ, ಬೇಡಿ ತೊಟ್ಟು. ಮೊಸಾಂಬಿಕ್ ಕರಾವಳಿಯಿಂದ ಗುಲಾಮರಾಗಿ ಗೋವೆಗೆ ಬಂದವರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಇಂದು ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ, ಕಲಘಟಗಿ, ಖಾನಾಪುರದ ಕಾಡಂಚಿನಲ್ಲಿರುವ ಸಿದ್ದಿಗಳಲ್ಲಿ ಬಹಳಷ್ಟು ಮಂದಿಯ ಪೂರ್ವಜರು ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ಆಡುವ ಮಾತು ಕೊಂಕಣಿ, ಕನ್ನಡ, ಮರಾಠಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ತಲೆಮಾರುಗಳಿಂದ ಉಳುತ್ತ ಬಂದ ಅರಣ್ಯಭೂಮಿಗೆ ಹಕ್ಕುಪತ್ರ ಪಡೆಯುವುದು ಇವರ ಮುಖ್ಯ ಬೇಡಿಕೆಗಳಲ್ಲೊಂದು. ಬಾನಾಜಿಯಂಥವರಿಗೆ ಸರ್ಕಾರ ತಾನೇ ಕರೆದು ಕೊಟ್ಟ ಕಾಗದಕ್ಕಾಗಿ ಸಿದ್ದಿಗಳು ಅರ್ಜಿ ಹಿಡಿದು ತಿರುಗಬೇಕಾಯಿತು.

1774ರ ಡಿಸೆಂಬರಿನಲ್ಲಿ ಠಾಣೆ ಕೋಟೆ ಬ್ರಿಟಿಷರ ಕೈಸೇರಿತು. 1782ರ ಸಾಲಬಾಯಿ ಒಪ್ಪಂದದಿಂದ ಸಾಷ್ಟಿ ಖಾಯಂ ಆಗಿ ಅವರದಾಯಿತು. ಬೀಳುಬಿದ್ದ ದ್ವೀಪದಿಂದ ಹುಟ್ಟುವಳಿ ತೆಗೆಯುವುದು ಹೇಗೆ ಎಂಬ ಚಿಂತೆಗೆ ಕಂಪನಿ ಕಂಡುಕೊಂಡ ಉಪಾಯವೂ ಗೇಣಿಯೇ. ವಿಕ್ರೋಳಿಯ ಮಗ್ಗುಲಿನ ಪವಾಯಿಯನ್ನು 1799ರಲ್ಲಿ ಡಾಕ್ಟರ್ ಸ್ಕಾಟ್ ಎಂಬುವನಿಗೆ ಕೊಟ್ಟಿತು. ಅವನು ತೀರಿಕೊಂಡ ಮೇಲೆ 1826ರಲ್ಲಿ ಜಪ್ತಿ ಮಾಡಿ, 1829ರಲ್ಲಿ ಫ್ರಾಮ್‌ಜಿ ಕಾವಸ್‌ಜಿಗೆ ವಹಿಸಿತು. ಫ್ರಾಮ್‌ಜಿ ಹಡಗಿನ ವ್ಯಾಪಾರಿಯಾದರೂ ಕೃಷಿಯ ಹುಚ್ಚಿದ್ದವನು. ಕಬ್ಬು, ಹತ್ತಿ, ಕಾಫಿ, ಹಿಪ್ಪುನೇರಳೆ ಎಂದು ಪವಾಯಿಯಲ್ಲಿ ಒಂದೊಂದನ್ನೂ ಪ್ರಯೋಗಿಸಿದ. 1838ರಲ್ಲಿ ರಾಣಿ ವಿಕ್ಟೋರಿಯಾಗೆ ಮಾವಿನಹಣ್ಣು ಕಳಿಸಿ ಹೆಸರಾದ. ಇಂಥವನಿಗೆ ವಿಕ್ರೋಳಿಯೂ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಖಾರಿಯಲ್ಲಿ ಮೀನು ಹಿಡಿಯುವ ಕೋಳಿ ಸಮುದಾಯದವರು, ಉಪ್ಪು ಬೆಳೆಯುವ ಆಗ್ರಿ ಸಮುದಾಯದವರು ಅಲ್ಲೇ ಇದ್ದರು. ಆದರೆ ಕೌಲು ನಡೆದದ್ದು ಸರ್ಕಾರ ಮತ್ತು ಸಾಹುಕಾರನ ನಡುವೆ.

ಅದೇ ಹೊತ್ತಿಗೆ ಅರಬ್ಬೀ ಸಮುದ್ರದ ಇನ್ನೊಂದು ದಡದಲ್ಲಿ ಒಮಾನಿನ ಸುಲ್ತಾನ ಸಯ್ಯಿದ್ ಸಯೀದ್ ತನ್ನ ರಾಜಧಾನಿಯನ್ನು ಮಸ್ಕತ್ತಿನಿಂದ ಜಂಜಿಬಾರಿಗೆ ಬದಲಾಯಿಸುತ್ತಿದ್ದ. ಲವಂಗದ ತೋಟ, ಆನೆದಂತ, ಗುಲಾಮರು, ಈ ಮೂರರ ಮೇಲೆ ಜಂಜಿಬಾರಿನ ಸಂಪತ್ತು ನಿಂತಿತ್ತು. ಸುಂಕದ ಗುತ್ತಿಗೆ ಕಛ್‌ನ ಭಾಟಿಯಾ ಮನೆತನ ಜೈರಾಮ್ ಶಿವಜಿಯವರದು. ಬಂಡವಾಳ ಹೋಗುತ್ತಿದ್ದದ್ದು ಮುಂಬಯಿಯಿಂದ, ಆನೆದಂತ ಬರುತ್ತಿದ್ದದ್ದು ಮುಂಬಯಿಗೆ. ಮುಂಬಯಿ ಸರ್ಕಾರಕ್ಕೆ ಅಲ್ಲಿ ಪ್ರತಿನಿಧಿ ಇದ್ದ. 1859ರಲ್ಲಿ ಅಣ್ಣನ ವಿರುದ್ಧ ದಂಗೆಯೆದ್ದು ಸೋತ ರಾಜಕುಮಾರ ಬರ್ಗಶ್‌ನನ್ನು ಗಡೀಪಾರು ಮಾಡಿದ್ದೂ ಮುಂಬಯಿಗೇ. 1861ರಲ್ಲಿ ಒಮಾನ್ ಮತ್ತು ಜಂಜಿಬಾರ್ ಬೇರೆಬೇರೆ ರಾಜ್ಯಗಳೆಂದು ತೀರ್ಪು ಕೊಟ್ಟವನು ಕಲಕತ್ತೆಯಲ್ಲಿದ್ದ ವೈಸರಾಯ್ ಕ್ಯಾನಿಂಗ್. ಜಂಜಿಬಾರ್ ವರ್ಷಕ್ಕೆ 40,000 ಡಾಲರು ಮಸ್ಕತ್ತಿಗೆ ಕೊಡಬೇಕೆಂದೂ ಅವನೇ ವಿಧಿಸಿದ. ಬರ್ಲಿನ್ ಸಮ್ಮೇಳನಕ್ಕೆ ಇಪ್ಪತ್ತಮೂರು ವರ್ಷ ಮೊದಲೇ ಆಫ್ರಿಕದ ಒಂದು ರಾಜ್ಯದ ಭಾಗಪತ್ರವನ್ನು ಭಾರತ ಸರ್ಕಾರ ಬರೆದುಮುಗಿಸಿತ್ತು.

ಗುಲಾಮಗಿರಿಯ ವಿಚಾರದಲ್ಲಿ ಮುಂಬಯಿಯ ಪಾತ್ರ ಎರಡು ಮುಖದ್ದು. ಜಂಜಿಬಾರಿನ ಭಾರತೀಯ ವರ್ತಕರು ಗುಲಾಮರನ್ನು ಇಟ್ಟುಕೊಂಡಿದ್ದರು, ಗುಲಾಮ ವ್ಯಾಪಾರಕ್ಕೆ ಸಾಲ ಕೊಡುತ್ತಿದ್ದರು; ಇದನ್ನು ಮರೆಮಾಚುವ ಬರಹಗಳು ಇನ್ನೂ ಬರುತ್ತಿವೆ. ಮುಂಬಯಿ ಸೈನ್ಯದ ಅಧಿಕಾರಿ ರಿಗ್ಬಿ ಕಾನ್ಸುಲ್ ಆಗಿದ್ದಾಗ ಬ್ರಿಟಿಷ್ ಪ್ರಜೆಗಳು ಗುಲಾಮರನ್ನು ಹೊಂದುವಂತಿಲ್ಲ ಎಂದು ಹೇಳಿ ಭಾರತೀಯರ ಮನೆಗಳಿಂದ ಸಾವಿರಾರು ಮಂದಿಯನ್ನು ಬಿಡಿಸಿದ. 1862ರಿಂದ 1867ರವರೆಗೆ ಮುಂಬಯಿಯ ಗವರ್ನರ್ ಆಗಿದ್ದು ಕೋಟೆಯ ಗೋಡೆ ಕೆಡವಿಸಿದ ಬಾರ್ಟಲ್ ಫ್ರಿಯರ್ 1873ರಲ್ಲಿ ಜಂಜಿಬಾರಿಗೆ ಹೋಗಿ ಸಂಧಾನಕ್ಕೆ ಕೂತ. ಅಷ್ಟರಲ್ಲಿ ಸುಲ್ತಾನನಾಗಿದ್ದ ಬರ್ಗಶ್ ಒಪ್ಪಲಿಲ್ಲ. ಹಡಗುಪಡೆಯಿಂದ ದಿಗ್ಬಂಧನ ಹಾಕುವ ಬೆದರಿಕೆಯಾದ ಮೇಲೆ ಆ ವರ್ಷ ಜೂನ್ 5ರಂದು ಸಹಿ ಮಾಡಿ ಗುಲಾಮರ ಸಂತೆಯನ್ನು ಮುಚ್ಚಿಸಿದ. ಸಂತೆಯ ಜಾಗದಲ್ಲಿ ಆಂಗ್ಲಿಕನ್ ಚರ್ಚು ಎದ್ದಿತು.

ಬ್ರಿಟಿಷ್ ಹಡಗುಗಳು ಸಮುದ್ರದಲ್ಲಿ ಹಿಡಿದ ಗುಲಾಮ ನಾವೆಗಳಿಂದ ಬಿಡುಗಡೆಯಾದ ಮಕ್ಕಳಲ್ಲಿ ಅನೇಕರನ್ನು ಮುಂಬಯಿಗೆ ತಂದರು. ನಾಸಿಕದ ಹತ್ತಿರ ಶರಣಪುರದಲ್ಲಿ ಮಿಷನರಿಗಳು ಅವರಿಗಾಗಿ ಆಶ್ರಮ ತೆರೆದಿದ್ದರು. ಮುಂಬಯಿಯಿಂದ ನಾಸಿಕಕ್ಕೆ ಹೋಗುವ ಆಗ್ರಾ ರಸ್ತೆ ವಿಕ್ರೋಳಿಯನ್ನು ಹಾದೇ ಹೋಗುತ್ತದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ರೈಲಿನ ಹಳಿಯೂ ಇಲ್ಲಿಯದೇ. ಶರಣಪುರದಲ್ಲಿ ಬಡಗಿ ಕೆಲಸ, ಕಮ್ಮಾರಿಕೆ, ಇಂಗ್ಲಿಷ್ ಕಲಿತವರಲ್ಲಿ ಜೇಕಬ್ ವೇನ್‌ರೈಟ್ ಒಬ್ಬ. 1873ರಲ್ಲಿ ಅನ್ವೇಷಕ ಲಿವಿಂಗ್‌ಸ್ಟನ್ ಸತ್ತಾಗ ಮರದ ಮೇಲೆ ಅವನ ಹೆಸರು ಕೆತ್ತಿದವನು, ಶವದ ಜೊತೆ ಲಂಡನ್ನಿನವರೆಗೆ ಹೋದವನು ಇವನೇ. 1874–75ರಲ್ಲಿ ಶರಣಪುರದ ಆಫ್ರಿಕನ್ನರಲ್ಲಿ ಬಹುಮಂದಿಯನ್ನು ಮೊಂಬಾಸದ ಎದುರಿನ ಹೊಸ ನೆಲೆಗೆ ಕರೆದೊಯ್ದರು. ಅದಕ್ಕೆ ಫ್ರಿಯರ್‌ಟೌನ್ ಎಂದು ಹೆಸರಿಟ್ಟರು. ‘ಮುಂಬಯಿ ಆಫ್ರಿಕನ್ನರು’ ಎಂದೇ ಕರೆಸಿಕೊಂಡ ಇವರು ಅಲ್ಲಿ ಉಪದೇಶಿಗಳಾಗಿ, ಶಿಕ್ಷಕರಾಗಿ, ದುಭಾಷಿಗಳಾಗಿ ದುಡಿದರು.

ಕಾನೂನಿನ ನಂಟು ಇನ್ನಷ್ಟು ಗಟ್ಟಿ. 1884ರ ರಾಜಾಜ್ಞೆಯೊಂದು ಜಂಜಿಬಾರಿನ ಬ್ರಿಟಿಷ್ ಕಾನ್ಸುಲ್‌ನ ನ್ಯಾಯಾಲಯವನ್ನು ಹೆಚ್ಚುಕಡಿಮೆ ಮುಂಬಯಿ ಪ್ರಾಂತ್ಯದ ಜಿಲ್ಲಾ ಕೋರ್ಟಿನಂತೆ ನೋಡಿತು. ನಡೆಯುತ್ತಿದ್ದದ್ದು ಹಿಂದೂಸ್ಥಾನದ ಕಾಯಿದೆ. ಅಪೀಲು ಹೋಗುತ್ತಿದ್ದದ್ದು ಮುಂಬಯಿ ಹೈಕೋರ್ಟಿಗೆ. 1890ರಲ್ಲಿ ಬ್ರಿಟನ್ನು ಉತ್ತರ ಸಮುದ್ರದ ಹೆಲಿಗೋಲೆಂಡ್ ನಡುಗಡ್ಡೆಯನ್ನು ಜರ್ಮನಿಗೆ ಬಿಟ್ಟು, ಜಂಜಿಬಾರಿನ ಮೇಲಿನ ತನ್ನ ರಕ್ಷಣಾಧಿಕಾರಕ್ಕೆ ಒಪ್ಪಿಗೆ ಪಡೆಯಿತು. ಒಂದು ದ್ವೀಪ ಕೊಟ್ಟು ಇನ್ನೊಂದನ್ನು ತೆಗೆದುಕೊಂಡ ಈ ವ್ಯವಹಾರದಲ್ಲಿ ಎರಡೂ ದ್ವೀಪದವರನ್ನು ಯಾರೂ ಕೇಳಲಿಲ್ಲ.

ಮುಂಬಯಿಯ ಕಾನೂನು ನಡೆಯುವಲ್ಲಿ ಮುಂಬಯಿಯ ವಕೀಲರಿಗೆ ಕೆಲಸವಿತ್ತು. 1894ರಲ್ಲಿ ಕಾನೂನು ಓದಿ ಮುಗಿಸಿದ ಅರ್ದೇಶಿರ್ ಬುರ್ಜೋರ್‌ಜಿ ಗೋದ್ರೆಜ್ ಎಂಬ ಇಪ್ಪತ್ತಾರರ ಪಾರ್ಸಿ ಯುವಕ ಕಕ್ಷಿದಾರನೊಬ್ಬನ ಮೊಕದ್ದಮೆ ಹಿಡಿದು ಜಂಜಿಬಾರಿಗೆ ಹೋದ. ಗೆಲ್ಲಬೇಕಾದರೆ ಸತ್ಯವನ್ನು ಸ್ವಲ್ಪ ತಿರುಚಬೇಕು ಎಂದು ಕಂಡಾಗ ಒಪ್ಪದೆ, ವಕೀಲಿಯನ್ನೇ ಬಿಟ್ಟು ಊರಿಗೆ ಮರಳಿದ ಎಂದು ಗೋದ್ರೆಜ್ ಮನೆತನದ ಕಥೆ ಹೇಳುತ್ತದೆ. ಉದ್ಯಮಿಗಳ ಮನೆತನಗಳು ಮೂಲಪುರುಷರ ಬಗ್ಗೆ ಹೇಳುವ ಕಥೆಗಳಿಗೆ ಒಪ್ಪ ಹಾಕಿರುವುದು ಸಹಜ. ಆದರೆ ಜಂಜಿಬಾರಿನ ಪ್ರಯಾಣವೂ ವಕೀಲಿ ಬಿಟ್ಟದ್ದೂ ನಿಜ. ಮೊದಲು ಶಸ್ತ್ರಚಿಕಿತ್ಸೆಯ ಉಪಕರಣ ಮಾಡಲು ಹೋಗಿ ಸೋತು, 1897ರ ಮೇ 7ರಂದು ಲಾಲ್‌ಬಾಗಿನಲ್ಲಿ ಬೀಗ ಮಾಡುವ ಕಾರ್ಖಾನೆ ಆರಂಭಿಸಿದ. ಐದು ವರ್ಷಕ್ಕೆ ತಿಜೋರಿ ಬಂತು. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ 3 ಲಕ್ಷ ರೂಪಾಯಿ ಕೊಟ್ಟ.

ಅರ್ದೇಶಿರ್ ಹಡಗು ಹತ್ತಿದ 1894ನೆಯ ಇಸವಿಯಲ್ಲೇ ಉಗಾಂಡ ಬ್ರಿಟಿಷ್ ರಕ್ಷಿತ ಪ್ರದೇಶವಾಯಿತು. ಭಾರತದಲ್ಲಿ ಭೂಸ್ವಾಧೀನ ಕಾಯಿದೆ ಜಾರಿಯಾಯಿತು. ಎರಡೂ ಸಂಗತಿಗಳು ಬೇಗನೆ ಒಂದಕ್ಕೊಂದು ಕೂಡಿಕೊಂಡವು. 1896ರಲ್ಲಿ ಮೊಂಬಾಸದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲುಹಾದಿ ಹಾಕಲು ಶುರುಮಾಡಿದರು. ಹಳಿಯ ಅಗಲ ಭಾರತದ ಮೀಟರ್ ಗೇಜ್, ಎಂಜಿನ್ನುಗಳು ಭಾರತದವು, ಕೂಲಿಗಳೂ ಭಾರತದವರು. ಹೆಚ್ಚಾಗಿ ಪಂಜಾಬಿನಿಂದ ಕರಾರಿನ ಮೇಲೆ ಹೋದ ಸುಮಾರು 32,000 ಮಂದಿಯಲ್ಲಿ 2,500ರಷ್ಟು ಜನ ಅಲ್ಲೇ ಸತ್ತರು, 6,700ರಷ್ಟು ಜನ ಅಲ್ಲೇ ಉಳಿದರು, ಮಿಕ್ಕವರು ಹಿಂದಿರುಗಿದರು. ಸತ್ತವರ ಲೆಕ್ಕ ಒಂದು ಮೈಲಿಗೆ ನಾಲ್ವರಂತೆ ಬೀಳುತ್ತದೆ. 1901ರ ಡಿಸೆಂಬರಿನಲ್ಲಿ ಹಳಿ ಸರೋವರ ಮುಟ್ಟಿತು. ನಡುವೆ ಜೌಗು ಬಯಲಿನಲ್ಲಿ ಹಾಕಿದ ಬಿಡಾರ ನೈರೋಬಿಯಾಯಿತು. ಹಾದಿಗೆ ಬೇಕಾದ ನೆಲವನ್ನು ವಶಪಡಿಸಿಕೊಳ್ಳಲು ಭಾರತದ 1894ರ ಭೂಸ್ವಾಧೀನ ಕಾಯಿದೆಯನ್ನೇ ಪೂರ್ವ ಆಫ್ರಿಕಕ್ಕೆ ವಿಸ್ತರಿಸಿದರು. ಹಳಿಯ ಎರಡೂ ಬದಿಗೆ ಒಂದೊಂದು ಮೈಲಿ ಸರ್ಕಾರದ್ದಾಯಿತು.

ಇಲ್ಲಿಂದ ಕೀನ್ಯದ ಜಮೀನಿನ ಕಥೆ ವಿಕ್ರೋಳಿಯ ಕಥೆಯಂತೆಯೇ ಆರಂಭವಾಗಿ ಬೇರೆಯೇ ದಾರಿ ಹಿಡಿಯಿತು. ಬಳಕೆಯಲ್ಲಿ ಕಾಣದ ನೆಲವೆಲ್ಲ ರಾಜಸತ್ತೆಯದು, ಅದನ್ನು ಬೇಕಾದವರಿಗೆ ಗೇಣಿಗೆ ಕೊಡಬಹುದು ಎಂಬುದು ಎರಡಕ್ಕೂ ಮೂಲತತ್ತ್ವ. ಸಾಷ್ಟಿಯಲ್ಲಿ ಗೇಣಿ ಸಿಕ್ಕಿದ್ದು ಸ್ಥಳೀಯ ಸಾಹುಕಾರನಿಗೆ. ಕೀನ್ಯದ ಎತ್ತರದ ತಂಪು ಸೀಮೆಯಲ್ಲಿ ಸಿಕ್ಕಿದ್ದು ಬಿಳಿಯರಿಗೆ ಮಾತ್ರ. 1902ರ ರಾಜಭೂಮಿ ಶಾಸನ 99 ವರ್ಷದ ಗೇಣಿಗೆ ದಾರಿಮಾಡಿತು. ಲಾರ್ಡ್ ಡೆಲಮೇರ್ ಒಬ್ಬನಿಗೇ ನ್ಜೋರೊದ ಬಳಿ 1 ಲಕ್ಷ ಎಕರೆ ಸಿಕ್ಕಿತು. 1915ರ ಶಾಸನ ಗೇಣಿಯ ಅವಧಿಯನ್ನು 999 ವರ್ಷಕ್ಕೆ ಏರಿಸಿತು. ಅಷ್ಟೇ ಅಲ್ಲ, ಆಫ್ರಿಕನ್ನರು ವಾಸವಿದ್ದ ನೆಲವೂ ರಾಜಭೂಮಿಯೇ ಎಂದಿತು. 1921ರಲ್ಲಿ ಕೀನ್ಯದ ಮುಖ್ಯ ನ್ಯಾಯಾಧೀಶ ಬಾರ್ತ್, ಕಿಕುಯು ರೈತ ತನ್ನ ಅಜ್ಜನ ಹೊಲದಲ್ಲಿಯೂ ರಾಜಸತ್ತೆಯ ಮರ್ಜಿಯ ಒಕ್ಕಲು ಅಷ್ಟೇ ಎಂದು ತೀರ್ಪಿತ್ತ. 1952ರಲ್ಲಿ ಸಿಡಿದ ಮೌ ಮೌ ದಂಗೆಯ ಬೇರು ಇದೇ ನೆಲದಲ್ಲಿತ್ತು. ಕೀನ್ಯದಲ್ಲಿ ಬ್ರಿಟಿಷರು ಮಾಡಿದ ಅನ್ಯಾಯಗಳನ್ನು ಅಳೆದು ನೋಡಿದರೆ ಇದೇ ದೊಡ್ಡದು; ಸರಿಪಡಿಸಲು ಅತ್ಯಂತ ಕಷ್ಟವಾದದ್ದೂ ಇದೇ.

ರೈಲು ಕಟ್ಟಿದ ಭಾರತೀಯರಿಗೆ ಆ ಎತ್ತರದ ಸೀಮೆಯಲ್ಲಿ ಹೊಲ ಕೊಳ್ಳುವ ಹಕ್ಕಿರಲಿಲ್ಲ. ಈ ತಾರತಮ್ಯದ ವಿರುದ್ಧ 1923ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಲಂಡನ್ನಿನಲ್ಲಿ ವಾದಿಸಿದರು. 1924ರ ಜನವರಿಯಲ್ಲಿ ಮೊಂಬಾಸದಲ್ಲಿ ನಡೆದ ಪೂರ್ವ ಆಫ್ರಿಕ ಭಾರತೀಯ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಸರೋಜಿನಿ ನಾಯ್ಡು ಅಧ್ಯಕ್ಷರಾಗಿದ್ದರು. ಭಾರತೀಯರು ಬಹುಮಟ್ಟಿಗೆ ಕೇಳಿದ್ದು ಬಿಳಿಯರೊಡನೆ ಸಮಾನತೆಯನ್ನು. ಆಫ್ರಿಕನ್ನರ ನೆಲ ಆಫ್ರಿಕನ್ನರದು ಎಂದು ಹೇಳಿದವರು ವಿರಳ. ಆ ವಿರಳರಲ್ಲಿ ಪಿಯೊ ಗಾಮಾ ಪಿಂಟೊ ಒಬ್ಬರು. ನೈರೋಬಿಯಲ್ಲಿ 1927ರಲ್ಲಿ ಗೋವೆಯ ಕುಟುಂಬದಲ್ಲಿ ಹುಟ್ಟಿದ ಅವರು ಓದಿಗಾಗಿ ಭಾರತಕ್ಕೆ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವಿಜ್ಞಾನ ಕಲಿತರು, ಮುಂಬಯಿಯ ಅಂಚೆ-ತಂತಿ ಇಲಾಖೆಯಲ್ಲಿ ಕೆಲಸಕ್ಕಿದ್ದು ಮುಷ್ಕರದಲ್ಲಿ ಸೇರಿದರು. 1949ರಲ್ಲಿ ಕೀನ್ಯಕ್ಕೆ ಮರಳಿ ಮೌ ಮೌ ಹೋರಾಟಗಾರರಿಗೆ ನೆರವಾದರು. 1954ರಿಂದ ಐದು ವರ್ಷ ಬಂಧನದಲ್ಲಿದ್ದರು. ಸ್ವಾತಂತ್ರ್ಯ ಬಂದ ಮೇಲೆ, ಬಿಳಿಯರು ಬಿಟ್ಟುಹೋದ ಹೊಲ ಹೊಸ ಆಳುವವರ ಪಾಲಾಗಬಾರದು ಎಂದು ಎದ್ದುನಿಂತವರಲ್ಲಿ ಅವರೂ ಇದ್ದರು. 1965ರ ಫೆಬ್ರವರಿ 24ರಂದು ನೈರೋಬಿಯಲ್ಲಿ ಮನೆಯೆದುರು ಗುಂಡಿಗೆ ಬಲಿಯಾದರು. ಸ್ವತಂತ್ರ ಕೀನ್ಯದ ಮೊದಲ ರಾಜಕೀಯ ಕೊಲೆ ಅದು. ಧಾರವಾಡದಲ್ಲಿ ಈ ಹೆಸರು ಕೇಳಿದವರು ಕಡಿಮೆ.

ಕನ್ನಡ ನಾಡಿನ ಇನ್ನೊಂದು ಎಳೆ ಮಂಗಳೂರಿನದು. ಬಾಸೆಲ್ ಮಿಷನ್ 1828ರಲ್ಲಿ ಇಂದಿನ ಘಾನಾದ ಗೋಲ್ಡ್ ಕೋಸ್ಟಿಗೂ 1834ರಲ್ಲಿ ಮಂಗಳೂರಿಗೂ ಬಂತು. ಇಲ್ಲಿ ಕಿಟ್ಟೆಲ್ ಕನ್ನಡ ನಿಘಂಟನ್ನು ಮಾಡಿದಂತೆ ಅಲ್ಲಿ ಕ್ರಿಸ್ಟಾಲರ್ ತ್ವಿ ಭಾಷೆಯ ನಿಘಂಟನ್ನು ಮಾಡಿದ. 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯ ಸರಕು ಪೂರ್ವ ಆಫ್ರಿಕದ ಬಂದರುಗಳಿಗೂ ಹೋಯಿತು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಬಹುಮಂದಿ ಜರ್ಮನ್ನರೆಂಬ ಕಾರಣಕ್ಕೆ ಬ್ರಿಟಿಷರು ಎರಡೂ ಕಡೆಯ ಆಸ್ತಿಯನ್ನು ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಒಂದೇ ಸಂಸ್ಥೆಗೆ ವಹಿಸಿದರು.

ಗೋದ್ರೆಜ್ ಮನೆತನ ವಿಕ್ರೋಳಿಗೆ ಬಂದದ್ದು 1940ರ ದಶಕದಲ್ಲಿ. ಅರ್ದೇಶಿರ್ 1936ರಲ್ಲಿ ತೀರಿಕೊಂಡಿದ್ದ. ತಮ್ಮ ಪಿರೋಜ್‌ಶಾ ಲಾಲ್‌ಬಾಗಿನ ಇಕ್ಕಟ್ಟಿನಿಂದ ಹೊರಬರಲು ಹೈಕೋರ್ಟಿನ ರಿಸೀವರ್ ಹರಾಜಿಗಿಟ್ಟ ಜಮೀನನ್ನು ಕೊಂಡ. 1948ರ ಜುಲೈ 30ರಂದು ಬಾನಾಜಿಯ ವಾರಸುದಾರರ ಕೈಯಿಂದ ಇನ್ನಷ್ಟು ಸೇರಿತು. ಒಟ್ಟು ಮೂರು ಸಾವಿರ ಎಕರೆಗೂ ಮೀರಿದ ಈ ಹಿಡುವಳಿಯಲ್ಲಿ ಕಾರ್ಖಾನೆ, ಕಾರ್ಮಿಕರ ವಸತಿ, ಶಾಲೆ ಎದ್ದವು. ಸುಮಾರು 1,750 ಎಕರೆ ಕಾಂಡ್ಲಾ ಕಾಡು ಹಾಗೇ ಉಳಿಯಿತು. ಇದು ಮುಂಬಯಿಯಲ್ಲಿ ಸಣ್ಣ ಮಾತಲ್ಲ; ಕೌಲು ಚೂರುಚೂರಾಗಿ ಹಂಚಿಹೋಗಿದ್ದರೆ ಈ ಕಾಡು ಉಳಿಯುತ್ತಿತ್ತೆಂದು ನಂಬುವುದು ಕಷ್ಟ. ಹೆದ್ದಾರಿಯ ಆಸುಪಾಸಿನಲ್ಲಿ ಮುಂದೆ ಟಾಗೋರ್ ನಗರ, ಕನ್ನಮವಾರ್ ನಗರಗಳು ಬೆಳೆದವು. ಕಾರ್ಖಾನೆ ಮತ್ತು ಹೋಟೆಲು ಕೆಲಸಕ್ಕೆ ಬಂದ ಕರಾವಳಿಯ ಕನ್ನಡ, ತುಳು ಕುಟುಂಬಗಳು ಇಲ್ಲಿ ನೆಲೆಯೂರಿ ವಿಕ್ರೋಳಿ ಕನ್ನಡ ಸಂಘ ಕಟ್ಟಿಕೊಂಡವು.

ವಿಕ್ರೋಳಿಯ ಕಾರ್ಖಾನೆಯಿಂದ ಮೊದಮೊದಲು ಹೊರಬಿದ್ದ ಸರಕು ಭಾರತದ ಮೊದಲ ಮಹಾಚುನಾವಣೆಯ ಮತಪೆಟ್ಟಿಗೆಗಳು. 1951ರಲ್ಲಿ ಕೆಲವೇ ತಿಂಗಳಲ್ಲಿ ಲಕ್ಷಾಂತರ ಉಕ್ಕಿನ ಪೆಟ್ಟಿಗೆಗಳನ್ನು ಮಾಡಬೇಕಿತ್ತು. ಹೊರಗಿನಿಂದ ಬೀಗ ಹಾಕಿದರೆ ಬೆಲೆ ಏರುತ್ತದೆಂದು ಬೀಗದ ಏರ್ಪಾಡನ್ನು ಪೆಟ್ಟಿಗೆಯ ಒಳಗೇ ಇಟ್ಟರು. ಆ ಚುನಾವಣೆ ನಡೆಸಿದ ಮುಖ್ಯ ಆಯುಕ್ತ ಸುಕುಮಾರ್ ಸೇನ್ 1953ರಲ್ಲಿ ಸುಡಾನಿಗೆ ಹೋಗಿ, ಬ್ರಿಟನ್ ಮತ್ತು ಈಜಿಪ್ಟಿನ ಜಂಟಿ ಆಡಳಿತದಿಂದ ಹೊರಬರುತ್ತಿದ್ದ ಆ ದೇಶದ ಮೊದಲ ಚುನಾವಣೆಯನ್ನು ನಡೆಸಿಕೊಟ್ಟರು. ದಂಡಸಂಹಿತೆ ಹೋದ ಸಮುದ್ರಮಾರ್ಗದಲ್ಲಿ ಐವತ್ತು ವರ್ಷಗಳ ಬಳಿಕ ಮತದಾನದ ವಿಧಾನವೂ ಹೋಯಿತು.

ಸ್ವಾತಂತ್ರ್ಯ ಬಂದಾಗ ಆಫ್ರಿಕದ ಹೊಸ ದೇಶಗಳು ವಸಾಹತು ಕಾಲದ ಗಡಿಗಳನ್ನು ಒಪ್ಪಿಕೊಂಡವು. 1964ರ ಜುಲೈಯಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕ ಏಕತಾ ಸಂಸ್ಥೆ ಇದನ್ನು ನಿರ್ಣಯವಾಗಿಯೇ ಬರೆಯಿತು. ಒಡೆತನವನ್ನು ಒಪ್ಪಿಕೊಳ್ಳುವುದು ಅಷ್ಟು ಸುಲಭವಾಗಲಿಲ್ಲ. ಜಂಜಿಬಾರ್ 1963ರ ಡಿಸೆಂಬರ್ 10ರಂದು ಸ್ವತಂತ್ರವಾಯಿತು, 1964ರ ಜನವರಿ 12ರಂದು ಕ್ರಾಂತಿಗೆ ಸಿಕ್ಕಿತು. ಅರಬರ, ಭಾರತೀಯರ ಆಸ್ತಿ ರಾಷ್ಟ್ರೀಕರಣಗೊಂಡಿತು. ತೋಟಗಳನ್ನು ಮೂರು ಮೂರು ಎಕರೆಯಾಗಿ ಹಂಚಿದರು. ಓಡಿಹೋದ ಕುಟುಂಬಗಳಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್ ಆಗಿದ್ದ ಪಾರ್ಸಿಯೊಬ್ಬರದೂ ಇತ್ತು. ಪಂಚಗಣಿಯ ಶಾಲೆಯಲ್ಲಿ ಓದಿದ ಅವರ ಮಗ ಫಾರೂಕ್ ಬಲ್ಸಾರ ಮುಂದೆ ಫ್ರೆಡ್ಡಿ ಮರ್ಕ್ಯುರಿ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತನಾದ. ಉಗಾಂಡದಲ್ಲಿ ಇದಿ ಅಮೀನ್ 1972ರ ಆಗಸ್ಟಿನಲ್ಲಿ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ಹೊರಹಾಕಿದ. ಅವರ ಆಸ್ತಿಯನ್ನು ಮರಳಿಸುವ ಶಾಸನ 1982ರಲ್ಲಿ ಬಂತಾದರೂ ಹಕ್ಕು ಸಾಧಿಸುವ ಓಡಾಟ ದಶಕಗಳ ಕಾಲ ನಡೆಯಿತು. ಅಂಗಡಿಕಾರ ಭಾರತೀಯನ ಮೇಲಿನ ಆ ಸಿಟ್ಟಿಗೆ ಅಮೀನನ ಹುಚ್ಚು ಒಂದೇ ಕಾರಣವಲ್ಲ. ಬಿಳಿಯನಿಗೆ ಹೊಲ, ಭಾರತೀಯನಿಗೆ ವ್ಯಾಪಾರ, ಆಫ್ರಿಕನ್ನನಿಗೆ ಕೂಲಿ ಎಂದು ವಸಾಹತು ಆಡಳಿತ ಹಂಚಿಟ್ಟಿದ್ದ ಪಾಲುಗಳೂ ಕಾರಣ. ಈಗ ಬಂಡವಾಳ ಮತ್ತೆ ಅತ್ತ ಹರಿಯುತ್ತಿದೆ. ವಿಕ್ರೋಳಿಯಲ್ಲಿ ಕೇಂದ್ರ ಕಚೇರಿಯಿರುವ ಗೋದ್ರೆಜ್ ಕನ್ಸ್ಯೂಮರ್ 2006ರಲ್ಲಿ ದಕ್ಷಿಣ ಆಫ್ರಿಕದ ರ್‍ಯಾಪಿಡಾಲ್ ಕಂಪನಿಯನ್ನು ಕೊಂಡಿತು. 2011ರಲ್ಲಿ ಕೃತಕ ಕೂದಲಿನ ಡಾರ್ಲಿಂಗ್ ಸಮೂಹಕ್ಕೆ ಕೈಹಾಕಿತು.

ವಿಕ್ರೋಳಿಯ ಕೌಲಿನ ಮೇಲಿನ ವ್ಯಾಜ್ಯಗಳೂ ಸ್ವಾತಂತ್ರ್ಯದ ಬೆನ್ನಿಗೇ ಶುರುವಾದವು. 1951ರ ಸಾಷ್ಟಿ ಎಸ್ಟೇಟ್ ಕಾಯಿದೆ ಇಂಥ ಹಿಡುವಳಿಗಳ ಕಂದಾಯ ವಿನಾಯಿತಿಯನ್ನು ತೆಗೆಯಿತು. 1973ರಲ್ಲಿ ಮಹಾರಾಷ್ಟ್ರ ಸರ್ಕಾರ ವಿಕ್ರೋಳಿಯ ಜಮೀನಿನ ಒಡೆತನದ ಬಗ್ಗೆಯೇ ಹೈಕೋರ್ಟಿನಲ್ಲಿ ದಾವೆ ಹೂಡಿತು. ಇನ್ನೊಂದು ತಕರಾರು ಅರಣ್ಯದ್ದು: 1927ರ ಅರಣ್ಯ ಕಾಯಿದೆಯಡಿ 1950ರ ದಶಕದಲ್ಲಿ ಹೊರಟಿದ್ದ ನೋಟೀಸಿನ ಆಧಾರದ ಮೇಲೆ, 1975ರ ಖಾಸಗಿ ಅರಣ್ಯ ಕಾಯಿದೆಯಂತೆ 133 ಎಕರೆ 38 ಗುಂಟೆ ಜಮೀನು ತನ್ನದಾಯಿತೆಂದು ಸರ್ಕಾರ ವಾದಿಸಿತು. ಅಷ್ಟರಲ್ಲಿ ಅಲ್ಲಿ ಮನೆ, ಕಟ್ಟಡಗಳು ಎದ್ದಿದ್ದವು. 2014ರ ಜನವರಿ 30ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಮುಂಬಯಿ–ಅಹಮದಾಬಾದ್ ಬುಲೆಟ್ ರೈಲಿಗಾಗಿ ವಿಕ್ರೋಳಿಯಲ್ಲಿ 9.69 ಎಕರೆ ಬೇಕಾದಾಗ 264 ಕೋಟಿ ರೂಪಾಯಿ ಪರಿಹಾರ ನಿಗದಿಯಾಯಿತು. ಗೋದ್ರೆಜ್ ಕಂಪನಿಯ ಆಕ್ಷೇಪವನ್ನು ಹೈಕೋರ್ಟು 2023ರ ಫೆಬ್ರವರಿ 9ರಂದು ವಜಾ ಮಾಡಿತು. ಆ ವಿಚಾರಣೆಯ ಹೊತ್ತಿಗೂ 1973ರ ಒಡೆತನದ ದಾವೆ ಇತ್ಯರ್ಥವಾಗದೆ ಉಳಿದಿತ್ತು.

ಆಫ್ರಿಕಕ್ಕೆ ಹೋದ ಭಾರತದ ಕಾಯಿದೆಗಳಲ್ಲಿ ದಂಡಸಂಹಿತೆಯನ್ನು ಕೀನ್ಯ, ಉಗಾಂಡ, ಟ್ಯಾಂಗನಿಕ 1930ರಲ್ಲೇ ಬದಲಿಸಿದವು. ಭಾರತ ಅದನ್ನು ಕೈಬಿಟ್ಟದ್ದು 2024ರ ಜುಲೈ 1ಕ್ಕೆ. ರೂಪಾಯಿ ಹೋಗಿ 1920ರ ದಶಕದ ಆರಂಭದಲ್ಲಿ ಶಿಲಿಂಗ್ ಬಂತು. 1894ರ ಭೂಸ್ವಾಧೀನ ಕಾಯಿದೆಗೆ ಕೀನ್ಯ 1968ರಲ್ಲಿ ಬದಲಿ ಮಾಡಿಕೊಂಡಿತು, ಭಾರತ 2013ರಲ್ಲಿ. 999 ವರ್ಷದ ಗೇಣಿಯನ್ನು ಕೀನ್ಯದ 2010ರ ಸಂವಿಧಾನ ಪರದೇಶದವರ ಮಟ್ಟಿಗೆ 99 ವರ್ಷಕ್ಕೆ ಇಳಿಸಿತು. ಗೇಣಿ, ಅಡಮಾನ, ಕ್ರಯಗಳನ್ನು ನಿಯಂತ್ರಿಸುವ 1882ರ ಸ್ವತ್ತು ವರ್ಗಾವಣೆ ಕಾಯಿದೆ ಕೀನ್ಯದಲ್ಲಿ 2012ರವರೆಗೂ ನಡೆಯಿತು. ಆ ವರ್ಷದ ಭೂ ನೋಂದಣಿ ಕಾಯಿದೆ ಅದನ್ನು ರದ್ದುಮಾಡಿತು. ಭಾರತದಲ್ಲಿ ಅದು ಇಂದಿಗೂ ಜಾರಿಯಲ್ಲಿದೆ, ವಿಕ್ರೋಳಿಯ ಜಮೀನಿಗೂ ಅನ್ವಯಿಸುತ್ತದೆ.